ಚೂಡಾಮಣಿಗೆ ಇಟ್ಟ ಎಡೆ

ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತ ಹಿರಿಯರು ಹೇಳಿಟ್ಟು ಹೋಗಿದ್ದಾರೆ. ಹಿಂದೆ ಮುಂದೆ ಯಾರೂ ಇಲ್ಲದ ಹುಡುಗಿಗೆ ಬೆಂಗಳೂರಿನಲ್ಲಿ ಒಂದು ಬಾಡಿಗೆ ರೂಮು ಹಿಡಿದುಕೊಡಬೇಕಾದರೆ ಎಷ್ಟು ಸುಳ್ಳು ಬೇಕು ಅಂತ ಮಾತ್ರ ಹೇಳಲಿಲ್ಲ. ಅವರ ಕಾಲಕ್ಕೆ ಆ ಕಷ್ಟ ಇರಲಿಲ್ಲವೇನೋ. ತುಳಸಮ್ಮ ಹೇಳಿದ್ದು ಒಂದೇ ಒಂದು ಸುಳ್ಳು. ಆದರೆ ಅದನ್ನು ಗಟ್ಟಿಯಾಗಿ ಹೇಳಿದರು, ಅತ್ತುಕೊಂಡು ಹೇಳಿದರು.

ತುಳಸಮ್ಮ ಚಾಮರಾಜಪೇಟೆಯ ಹೆಣ್ಣುಮಕ್ಕಳ ಹೋಮ್ ಒಂದರಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಹೌಸ್ ಮದರ್. ಕೆಲಸದ ಹೆಸರಿನಲ್ಲಿ ಮದರ್ ಇದ್ದರೂ ಮಕ್ಕಳು ಅವರನ್ನು ಅಮ್ಮ ಅನ್ನುವ ಹಾಗಿರಲಿಲ್ಲ, ಆಂಟಿ ಅನ್ನಬೇಕು. ಅಮ್ಮ ಅನ್ನುವುದು ಅವರವರ ಅಮ್ಮಂದಿರಿಗೇ ಮೀಸಲು, ಬಂದು ಹೋಗುವವರಿಗೂ, ಬರದೇ ಇರುವವರಿಗೂ. ಅಲ್ಲಿ ಬೆಳೆದ ಧನುಶ್ರೀಯ ಅಮ್ಮ ಬರದೇ ಇರುವವರ ಪೈಕಿ. ಚೂಡಾಮಣಿ ಅಂತ ಹೆಸರು. ಗಂಡ ಬಿಟ್ಟು ಹೋದ ಮೇಲೆ ಸಾಕಲಾರದೆ ಐದು ವರ್ಷದ ಮಗಳನ್ನು ಹೋಮಿಗೆ ತಂದು ಸೇರಿಸಿದಳು. ಒಂದೆರಡು ವರ್ಷ, ಭೇಟಿಗೆ ಬಿಡುವ ಎರಡನೇ ಭಾನುವಾರ ತಪ್ಪದೆ ಬಂದಳು. ಆಮೇಲೆ ತಪ್ಪಿ ತಪ್ಪಿ ಬಂದಳು. ಆಮೇಲೆ ಬರಲೇ ಇಲ್ಲ. ಕೊಟ್ಟಿದ್ದ ವಿಳಾಸದಲ್ಲಿ ಬೇರೆ ಯಾರೋ ಇದ್ದರು.

ಧನುಶ್ರೀ ಮಾತ್ರ ಕಾಯುವುದನ್ನು ಬಿಡಲಿಲ್ಲ. ಚಿಕ್ಕವಳಿದ್ದಾಗ ಎರಡು ಜಡೆ ಹಾಕಿಸಿಕೊಂಡು ಗೇಟಿನ ಹತ್ತಿರದ ಕಲ್ಲುಬೆಂಚಿನ ಮೇಲೆ ಕೂರುತ್ತಿದ್ದಳು. ದೊಡ್ಡವಳಾದ ಮೇಲೆ ನಾಚಿಕೆಗೆ ಬೆಂಚು ಬಿಟ್ಟಳು, ಆದರೆ ಎರಡನೇ ಭಾನುವಾರ ಎಲ್ಲಿಗೆ ಕರೆದರೂ ಹೊರಡುತ್ತಿರಲಿಲ್ಲ. ಎಲ್ಲ ಮಕ್ಕಳೂ ಲಾಲ್‌ಬಾಗಿನ ಫ್ಲವರ್ ಶೋಗೆ ಕುಣಿದುಕೊಂಡು ಹೋದರೆ ಇವಳಿಗೆ ಮಾತ್ರ ಹೊಟ್ಟೆನೋವು. ಎಂಥ ಹೊಟ್ಟೆನೋವು ಅಂತ ತುಳಸಮ್ಮನಿಗೆ ಗೊತ್ತಿತ್ತು, ಔಷಧಿ ಗೊತ್ತಿರಲಿಲ್ಲ.

ಹದಿನೆಂಟು ತುಂಬಿದರೆ ಹೋಮ್ ಬಿಡಬೇಕು, ಅದು ಕಾನೂನು. ಬೇರೆ ಮನೆಗಳಲ್ಲಿ ಹದಿನೆಂಟು ತುಂಬಿದ ಮಗಳು ಇನ್ನೂ ಅಮ್ಮನ ಕೈಲಿ ತಲೆಗೆ ಎಣ್ಣೆ ಹಚ್ಚಿಸಿಕೊಳ್ಳುತ್ತಿರುತ್ತಾಳೆ. ಹೋಮಿನ ಮಗಳು ಮಾತ್ರ ಬೆಳಗಾಗುವುದರೊಳಗೆ ದೊಡ್ಡವಳಾಗಿಬಿಡಬೇಕು. ಧನುಶ್ರೀಗೆ ಅವೆನ್ಯೂ ರಸ್ತೆಯ ಸ್ಟೇಷನರಿ ಅಂಗಡಿಯೊಂದರಲ್ಲಿ ಬಿಲ್ಲಿಂಗ್ ಕೆಲಸ ಸಿಕ್ಕಿತು, ರೂಮು ಸಿಗಲಿಲ್ಲ. ಬಸವನಗುಡಿಯಲ್ಲಿ ಒಬ್ಬರು ಹೋಮ್ ಹುಡುಗಿ ಅಂದ ಕೂಡಲೇ ರೂಮು ನಿನ್ನೆಯೇ ಹೋಯಿತು ಅಂದರು. ಟು-ಲೆಟ್ ಬೋರ್ಡು ಅವರ ತಲೆಯ ಮೇಲೇ ತೂಗಾಡುತ್ತಿತ್ತು. ಎನ್.ಆರ್. ಕಾಲೋನಿಯವರೊಬ್ಬರು, "ನಮಗೇನೂ ಇಲ್ಲಮ್ಮ, ಅಕ್ಕಪಕ್ಕದೋರು ಏನಂತಾರೋ" ಅಂದರು. ಈ ಊರಿನಲ್ಲಿ ಕೆಟ್ಟದ್ದನ್ನೆಲ್ಲ ಮಾಡುವವರು ಅಕ್ಕಪಕ್ಕದವರೇ.

ಹೀಗೆ ಅಲೆದೂ ಅಲೆದೂ ಸಾಕಾಗಿ ತುಳಸಮ್ಮ ಹುಡುಗಿಯನ್ನು ಕರೆದುಕೊಂಡು ಮಾವಳ್ಳಿಯ ನರಸಮ್ಮನ ಮನೆಯ ಮೆಟ್ಟಿಲು ಹತ್ತಿದ್ದು. ನರಸಮ್ಮನ ಗಂಡ ಆಂಜಿನಯ್ಯ ಸರ್ಕಾರಿ ಕೆಲಸದಿಂದ ರಿಟೈರ್ ಆಗಿದ್ದವರು. ಕೆಳಗೆ ಅವರಿಬ್ಬರ ವಾಸ, ಮಹಡಿಯ ಮೇಲೆ ಒಂದು ರೂಮು ಖಾಲಿ. ನರಸಮ್ಮ ಹುಡುಗಿಯನ್ನು ಮೇಲಿಂದ ಕೆಳಗೆ ನೋಡಿ, "ಯಾರ ಮಗಳಮ್ಮ ಇವ್ಳು?" ಅಂದರು.

"ನನ್ನ ತಂಗಿ ಮಗಳು" ಅಂದುಬಿಟ್ಟರು ತುಳಸಮ್ಮ. ಎಲುಬಿಲ್ಲದ ನಾಲಿಗೆ, ಒಮ್ಮೆ ಹೊರಳಿದ ಮೇಲೆ ನಿಲ್ಲಲಿಲ್ಲ. "ತಂಗಿ ಇಲ್ಲ, ತೀರ್ಕೊಂಡ್ಲು. ಜಾಂಡೀಸು. ಹದಿನೈದು ದಿನ ನರಳಿದ್ಲು. ಕೊನೇವರ್ಗೂ ಮಗಳ ಹೆಸ್ರು ಹಿಡ್ಕೊಂಡೇ ಕೂಗ್ತಿದ್ಲು. ಆವತ್ತಿಂದ ಇವ್ಳಿಗೆ ನಾನೇ ದೊಡ್ಡಮ್ಮ, ನಾನೇ ಎಲ್ಲಾ."

ಹೇಳುತ್ತಾ ಹೇಳುತ್ತಾ ಅವರ ಕಣ್ಣಲ್ಲಿ ನೀರು ಸುರಿಯಿತು. ಅದು ನಾಟಕವಾಗಿರಲಿಲ್ಲ. ತುಳಸಮ್ಮನಿಗೆ ನಿಜವಾಗಿಯೂ ಒಬ್ಬಳು ತಂಗಿಯಿದ್ದಳು, ನಿಜವಾಗಿಯೂ ಹಾಗೆಯೇ ಸತ್ತಿದ್ದಳು. ಸುಳ್ಳು ಕಟ್ಟಲು ಬಾರದ ಹೆಂಗಸು, ಕೈಗೆ ಸಿಕ್ಕ ತನ್ನ ಮನೆಯ ಸಾವನ್ನೇ ತೆಗೆದು ಧನುಶ್ರೀಯ ಅಮ್ಮನಿಗೆ ಹೊದಿಸಿದರು. ನರಸಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಬೀಗದ ಕೈ ತರಲು ಒಳಗೆ ಹೋದರು. ಪಕ್ಕದಲ್ಲಿ ಧನುಶ್ರೀ ಬಿಳಿಚಿಕೊಂಡು ನಿಂತಿದ್ದಳು. ಸುಳ್ಳಿಗೆ ಹೆದರಿದ್ದಾಳೆ ಅಂದುಕೊಂಡು ತುಳಸಮ್ಮ ಅವಳ ಕೈ ಒತ್ತಿ ಸಮಾಧಾನ ಮಾಡಿದರು.

ಅಲ್ಲಿಂದ ಮುಂದೆ ಹುಡುಗಿ ಬದಲಾದಳು. ಒಬ್ಬಳೇ ಹೇಗೆ ಮಲಗುತ್ತಾಳೋ, ಏನು ಬೇಯಿಸಿಕೊಳ್ಳುತ್ತಾಳೋ ಅಂತ ತುಳಸಮ್ಮ ಒದ್ದಾಡಿದ್ದೇ ಬಂತು. ಫೋನಿನಲ್ಲಿ ಅವಳ ದನಿ ಹಗುರಾಗಿತ್ತು. ಮೊದಲ ಸಂಬಳದಲ್ಲಿ ಹೋಮಿನ ಮಕ್ಕಳಿಗೆಲ್ಲ ಬಣ್ಣದ ಪೆನ್ಸಿಲ್ ತಂದುಕೊಟ್ಟಳು. ಭಾನುವಾರ ಅಂಗಡಿಯ ಹುಡುಗಿಯರ ಜೊತೆ ಲಾಲ್‌ಬಾಗಿಗೂ ಹೋಗಿ ಬಂದಳಂತೆ. ಸ್ವಂತ ಕಾಲ ಮೇಲೆ ನಿಂತರೆ ಮಕ್ಕಳು ಹೇಗೆ ಅರಳುತ್ತಾರೆ ನೋಡಿ ಅಂತ ತುಳಸಮ್ಮ ಹೋಮಿನ ಮೀಟಿಂಗಿನಲ್ಲಿ ಹೆಮ್ಮೆಯಿಂದ ಹೇಳಿದರು. ಎಲ್ಲರೂ ಚಪ್ಪಾಳೆ ತಟ್ಟಿದರು.

ಮಹಾಲಯ ಅಮಾವಾಸ್ಯೆ ಹತ್ತಿರ ಬಂದಾಗ ಒಂದು ಸಂಜೆ ಅವಳ ಫೋನು ಬಂತು.

"ಆಂಟಿ, ನಮ್ಮಮ್ಮಂಗೆ ಏನ್ ತಿನ್ನೋಕೆ ಇಷ್ಟ ಇತ್ತು?"

ಸೊಂಟದ ಮೇಲೆ ಒಂದು ಮಗು, ಕಾಲಿಗೆ ತೊಡರಿಕೊಂಡು ಇನ್ನೊಂದು, ತುಳಸಮ್ಮ ಆ ಗಲಾಟೆಯಲ್ಲೇ ನೆನಪಿಸಿಕೊಂಡು ಹೇಳಿದರು, "ಮೆಣಸಿನಕಾಯಿ ಬಜ್ಜಿ ಕಣೇ. ನಿಂಗೆ ಬಿಸ್ಕೆಟ್ ಕೊಡ್ಸಿ ತಾನು ಮೂಲೆ ಗಾಡೀಲಿ ಬಜ್ಜಿ ಕಟ್ಟಿಸ್ಕೊಂಡು ಬರೋಳು. ಯಾಕೇ?" "ಸುಮ್ನೆ ಕೇಳ್ದೆ" ಅಂತ ಧನುಶ್ರೀ ಫೋನಿಟ್ಟಳು. ತುಳಸಮ್ಮನೂ ಅದನ್ನು ಅಲ್ಲಿಗೇ ಮರೆತರು.

ಅಮಾವಾಸ್ಯೆಯ ದಿನ ಬೆಳಗ್ಗೆ ತಿಂಡಿ ಮುಗಿಯುವ ಹೊತ್ತಿಗೆ ಗೇಟಿನಲ್ಲಿ ಒಬ್ಬ ಹೆಂಗಸು ಬಂದು ನಿಂತಳು. ಕೈಯಲ್ಲಿ ಬಟ್ಟೆಯ ಚೀಲ, ಹಣೆ ಬೋಳು, ಬಿಸಿಲಿಗೆ ಒಣಗಿದ ಮುಖ. ಮುಖ ನೋಡಿದ ಕೂಡಲೇ ತುಳಸಮ್ಮನಿಗೆ ಗುರುತು ಸಿಕ್ಕಿತು. ಚೂಡಾಮಣಿ.

ಮಾಗಡಿ ಕಡೆಯ ಹಳ್ಳಿಯಲ್ಲಿ ಇನ್ನೊಂದು ಮದುವೆಯಾಗಿದ್ದಳಂತೆ. ಅವನಿಗೆ ಮೊದಲಿನ ಮಗಳ ಸುದ್ದಿಯನ್ನೇ ಹೇಳಿರಲಿಲ್ಲವಂತೆ. ಎರಡು ಗಂಡುಮಕ್ಕಳು. "ಹೇಳಿದ್ರೆ ಆಚೆಗ್ ಹಾಕ್ಬಿಡೋನು ಅಕ್ಕಾ. ಈಗ ಅವ್ನೂ ಹೋದ. ಇನ್ ಯಾರ ಹೆದ್ರಿಕೆ? ಒಂದ್ಸಲ ನನ್ನ ಮಗೀನ ತೋರ್ಸಿ, ಕಾಲಿಗ್ ಬೀಳ್ತೀನಿ."

ತುಳಸಮ್ಮನಿಗೆ ಕೆನ್ನೆಗೆ ಎರಡು ಬಿಡಬೇಕು ಅನ್ನಿಸಿತು. ಅನ್ನಿಸಿದ್ದು ಒಂದು ಗಳಿಗೆ. ಅಷ್ಟರಲ್ಲಿ ಸಂತೋಷವೇ ಉಕ್ಕಿ ಬಂದು ಕೋಪ ಎಲ್ಲಿ ಹೋಯಿತೋ. ಆ ಹುಡುಗಿ ಕಣ್ಣಲ್ಲಿ ಕಣ್ಣಿಟ್ಟು ಕಾದ ಭಾನುವಾರಗಳೆಲ್ಲ ಕಡೆಗೂ ಫಲ ಕೊಟ್ಟವಲ್ಲ! ಹೊರಗೆ ಹೋದ ಮಕ್ಕಳ ವಿಳಾಸ ಅವರನ್ನು ಕೇಳದೆ ಯಾರಿಗೂ ಕೊಡುವ ಹಾಗಿರಲಿಲ್ಲ. ಫೋನು ಮಾಡಿದರೆ ಹೊಡೆದುಕೊಂಡೇ ಇತ್ತು, ಧನುಶ್ರೀ ಎತ್ತಲಿಲ್ಲ. "ಇಲ್ಲೇ ಕೂತಿರು, ಎಲ್ಲೂ ಹೋಗ್ಬೇಡ" ಅಂತ ಚೂಡಾಮಣಿಯನ್ನು ಗೇಟಿನ ಬೆಂಚಿನ ಮೇಲೆ ಕೂರಿಸಿ, ತುಳಸಮ್ಮ ಮೊಣಕಾಲು ನೋವನ್ನೂ ಮರೆತು ಓಡಿ ಹೋಗಿ ಆಟೋ ಹತ್ತಿದರು. ದಾರಿಯುದ್ದಕ್ಕೂ ಹೇಗೆ ಹೇಳುವುದು ಅಂತಲೇ ಯೋಚನೆ. ಮೊದಲು ಕಣ್ಣು ಮುಚ್ಚು ಅನ್ನಬೇಕು ಅಂದುಕೊಂಡರು.

ನರಸಮ್ಮನ ಮನೆಯಲ್ಲಿ ಮಾಂಸದ ಸಾರಿನ ವಾಸನೆ ಬೀದಿಗೆ ಹೊಡೆಯುತ್ತಿತ್ತು. ಅಮಾವಾಸ್ಯೆಯಲ್ಲವೇ, ಹಿರಿಯರಿಗೆ ಎಡೆ ಇಡುವ ದಿನ. ಸತ್ತವರಿಗೆ ಏನು ಇಷ್ಟವೋ ಅದನ್ನೇ ಮಾಡಿ ಎಲೆ ಹಾಕಿ ಬಡಿಸಿ, ಹೊಸ ಬಟ್ಟೆ ಇಟ್ಟು, ಧೂಪ ಹಾಕಿ, ಬಾಗಿಲು ಮುಚ್ಚಿ ಮನೆಯವರೆಲ್ಲ ಹೊರಗೆ ಕಾಯಬೇಕು. ಒಳಗೆ ಹಿರಿಯರು ಬಂದು ಉಣ್ಣುತ್ತಾರೆ.

"ಬನ್ನಿ ಬನ್ನಿ ತುಳಸಮ್ಮೋರೆ" ಅಂತ ನರಸಮ್ಮ ಎದುರಿಗೇ ಬಂದರು. "ನಿಮ್ ತಂಗೀನೇ ನಿಮ್ಮನ್ನ ಎಳ್ಕೊಂಡು ಬಂದವ್ಳೆ. ಈಗ ತಾನೇ ನಿಮ್ ಹುಡ್ಗಿ ಮೇಲೆ ಎಡೆ ಇಟ್ಟು ಬಾಗ್ಲು ಹಾಕ್ಕೊಂಡ್ಲು. ನಮ್ಮತ್ತೆ ಎಡೆ ಜೊತೆಗೇ ಇಡು ಅಂದೆ. ಊಹೂಂ, ನಮ್ಮಮ್ಮಂಗೆ ನಾನೇ ಬೇಯ್ಸಿ ಇಡ್ತೀನಿ ಅಂದ್ಲು ಪುಣ್ಯಾತ್‌ಗಿತ್ತಿ."

ತುಳಸಮ್ಮ ಒಂದೊಂದೇ ಮೆಟ್ಟಿಲು ಹತ್ತಿದರು. ಮನೆಯವರ ಎದುರಿಗೆ ಸುಳ್ಳನ್ನು ಉಳಿಸಿಕೊಳ್ಳಲು ಮಾಡಿರಬೇಕು ಅಂತ ಒಂದು ಆಸೆ. ಮೇಲಿನ ಮೆಟ್ಟಿಲಿನ ಮೇಲೆ, ಮುಚ್ಚಿದ ಬಾಗಿಲಿಗೆ ಬೆನ್ನು ಮಾಡಿ ಧನುಶ್ರೀ ಕೂತಿದ್ದಳು. ತಲೆಗೆ ಸ್ನಾನ ಮಾಡಿ ಸೀರೆ ಉಟ್ಟಿದ್ದಳು. ತುಳಸಮ್ಮನನ್ನು ಕಂಡು ಮುಖ ಅರಳಿತು, ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟಳು.

"ಮೆಲ್ಲಗ್ ಮಾತಾಡಿ ಆಂಟಿ, ಊಟ ಮಾಡ್ತಿದಾಳೆ" ಅಂದಳು. "ಬಜ್ಜಿ ಮಾಡಿದೀನಿ. ನೀವ್ ಹೇಳಿದ್ರಲ್ಲ. ಒಂದ್ ಸೀರೆ ತಂದೆ, ಹಸಿರು."

"ಧನು, ಇದೆಲ್ಲಾ ಯಾಕೇ..."

"ಬೈಬೇಡಿ. ನಂಗೆ ಆವತ್ತೇ ಗೊತ್ತಾಯ್ತು. ಶಶಿಗೆ ಅವ್ರಜ್ಜಿ ವಿಷ್ಯ ಹೆಂಗ್ ಹೇಳಿದ್ರಿ ನೀವು? ಹಂಗೇ ನಂಗೂ ಮುಚ್ಚಿಟ್ಟಿದೀರಿ ಅಂತ ಗೊತ್ತಾಯ್ತು."

ಹೋಮಿನಲ್ಲಿ ಅಂಥದೊಂದು ರೂಢಿಯಿತ್ತು. ಕೆಟ್ಟ ಸುದ್ದಿಯನ್ನು ಮಕ್ಕಳಿಗೆ ಕೂಡಲೇ ಹೇಳುತ್ತಿರಲಿಲ್ಲ. ಪರೀಕ್ಷೆ ಮುಗಿಯಲಿ, ಹಬ್ಬ ಕಳೆಯಲಿ, ಮಗು ಸ್ವಲ್ಪ ಗಟ್ಟಿಯಾಗಲಿ ಅಂತ ಹಿಡಿದಿಟ್ಟುಕೊಳ್ಳುತ್ತಿದ್ದರು. ಶಶಿ ಅನ್ನುವ ಹುಡುಗಿಗೆ ಅಜ್ಜಿ ಸತ್ತ ಸುದ್ದಿಯನ್ನು ಎಸ್ಸೆಸ್ಸೆಲ್ಸಿಯ ಕೊನೆಯ ಪೇಪರ್ ಬರೆದು ಬಂದ ಮೇಲೆ, ಪಾಯಸ ತಿನ್ನಿಸಿ ಹೇಳಿದ್ದರು. ಒಳ್ಳೆಯದಕ್ಕೇ ಮಾಡುತ್ತಿದ್ದದ್ದು. ಅದರಿಂದ ಅಲ್ಲಿನ ಮಕ್ಕಳು ಕಲಿತದ್ದು ಒಂದೇ, ದೊಡ್ಡವರು ಸಾವನ್ನು ಬಚ್ಚಿಟ್ಟುಕೊಂಡಿರುತ್ತಾರೆ, ಕಡೆಗೊಂದು ದಿನ ಬಾಯಿಬಿಡುತ್ತಾರೆ.

"ನಾನು ಹೋಮ್ ಬಿಡೋವರ್ಗೂ ಹೇಳೋದ್ ಬೇಡ ಅಂತ ಇಟ್ಕೊಂಡಿದ್ರಿ" ಅಂದಳು ಧನುಶ್ರೀ. "ಇಲ್ಲಿ ನರಸಮ್ಮೋರು ಕೇಳ್ದಾಗ ತಡ್ಕೊಳ್ಳಕ್ಕಾಗ್ದೆ ಹೇಳ್ಬಿಟ್ರಿ. ನೀವ್ ಅಳೋದ್ ನೋಡಿ ನಂಗೆ ನಿಜ ಅಂತ ಗೊತ್ತಾಯ್ತು. ಸುಳ್ಳಿಗೆ ಯಾರಾದ್ರೂ ಹಂಗ್ ಅಳ್ತಾರಾ? ನಾನ್ ಅವ್ಳನ್ನ ಎಷ್ಟ್ ಬೈಕೊಂಡಿದೀನಿ ಗೊತ್ತಾ ಆಂಟಿ? ನಾನ್ ಬೇಡ ಅವ್ಳಿಗೆ, ಅದಕ್ಕೇ ಬರಲ್ಲ ಅಂತ. ಪಾಪ, ಸತ್ತೋರು ಹೆಂಗ್ ಬರ್ತಾರೆ? ಕೊನೇವರ್ಗೂ ನನ್ನ ಹೆಸ್ರೇ ಹೇಳ್ತಿದ್ಲು ಅಂದ್ರಲ್ಲ, ಆವತ್ತಿಂದ ನಂಗೆ ಚೆನ್ನಾಗಿ ನಿದ್ದೆ ಬರುತ್ತೆ."

ಬಾಗಿಲ ಸಂದಿಯಿಂದ ಧೂಪದ ಹೊಗೆ ಬರುತ್ತಿತ್ತು. ಅರಳಿದಳು ಅಂತ ತುಳಸಮ್ಮ ಮೀಟಿಂಗಿನಲ್ಲಿ ಹೇಳಿ ಚಪ್ಪಾಳೆ ತಟ್ಟಿಸಿಕೊಂಡಿದ್ದರಲ್ಲ, ಅರಳಿದ್ದು ಇದಕ್ಕೆ. ಹೇಳದೆ ಹಿಂತಿರುಗಿಬಿಡಲೇ ಅನ್ನಿಸಿತು. ಧನುಶ್ರೀ ದೂರದ ಊರಿಗೆ ಹೋಗಿದ್ದಾಳೆ ಅಂದರೆ ಚೂಡಾಮಣಿ ಅತ್ತು ಮಾಗಡಿ ಬಸ್ಸು ಹತ್ತುತ್ತಾಳೆ, ಈ ಹುಡುಗಿ ನೆಮ್ಮದಿಯಾಗಿ ನಿದ್ದೆ ಮಾಡುತ್ತಾಳೆ. ಆದರೆ ಒಂದು ಸಲ ನಾಲಿಗೆಯಿಂದ ಕೊಂದದ್ದು ಗೊತ್ತಿಲ್ಲದೆ, ಇನ್ನೊಂದು ಸಲ ಗೊತ್ತಿದ್ದೂ ಕೊಲ್ಲುವುದು ಅವರಿಂದ ಆಗಲಿಲ್ಲ.

"ಧನು, ಜಾಂಡೀಸಾಗಿ ಹೋದೋಳು ನನ್ನ ತಂಗಿ ಕಣೇ" ಅಂದರು. "ನನ್ನ ಸ್ವಂತ ತಂಗಿ. ನಿಮ್ಮಮ್ಮ ಅಲ್ಲ. ರೂಮ್ ಸಿಗ್ಲಿ ಅಂತ ಹೇಳ್ದೆ. ನಿಮ್ಮಮ್ಮ ಇದಾಳೆ. ಇವತ್ ಬಂದಿದಾಳೆ. ಹೋಮಲ್ಲಿ ಕೂತಿದಾಳೆ."

ಧನುಶ್ರೀ ಮುಚ್ಚಿದ ಬಾಗಿಲ ಕಡೆ ತಿರುಗಿ ನೋಡಿದಳು. ಕೆಳಗೆ ಆಂಜಿನಯ್ಯನವರು ಯಾರಿಗೋ ಎಲೆ ತೊಳಿ ಅಂತ ಹೇಳುತ್ತಿದ್ದರು.

"ಇಷ್ಟ್ ವರ್ಷ ಎಲ್ಲಿದ್ಲು?"

ತುಳಸಮ್ಮ ಹೇಳಿದರು. ಮಾಗಡಿ, ಗಂಡ, ಇಬ್ಬರು ಗಂಡುಮಕ್ಕಳು, ಎಲ್ಲವನ್ನೂ ಹೇಳಿದರು. ಹೇಳುತ್ತಿದ್ದ ಹಾಗೆ ಹುಡುಗಿಯ ಮುಖದಿಂದ ಏನೋ ಇಳಿದು ಹೋಗುತ್ತಿರುವುದು ಅವರಿಗೆ ಕಾಣುತ್ತಿತ್ತು. ಅವಳು ಅಳುತ್ತಾಳೆ ಅಂದುಕೊಂಡರು. ಅಳಲಿಲ್ಲ.

"ಆವತ್ ಯಾಕ್ ಹೇಳಿದ್ರಿ ಅಂತ ನಾನ್ ಕೇಳಲ್ಲ ಆಂಟಿ" ಅಂದಳು. "ಇವತ್ ಯಾಕ್ ಹೇಳಿದ್ರಿ?"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಧನುಶ್ರೀ ಎದ್ದು, ಒಳಗೆ ಉಣ್ಣುವ ಹಿರಿಯರಿಗೆ ತಿಳಿಯಲಿ ಅಂತ ಪದ್ಧತಿಯಂತೆ ಒಮ್ಮೆ ಕೆಮ್ಮಿ ಬಾಗಿಲು ತೆಗೆದಳು. ಎಲೆಯ ಮೇಲೆ ಮುದ್ದೆ, ಅನ್ನ, ಸಾರು, ವಡೆ, ಕಜ್ಜಾಯ, ಒಂದು ಬದಿಗೆ ಬಜ್ಜಿ. ಫೋಟೋ ಇರಬೇಕಾದ ಜಾಗದಲ್ಲಿ ಮಡಿಸಿಟ್ಟ ಹಸಿರು ಸೀರೆ. ದೀಪಕ್ಕೆ ಎಣ್ಣೆ ಹಾಕಿ, ಮತ್ತೆ ಬಾಗಿಲು ಎಳೆದುಕೊಂಡು, "ನಡೀರಿ" ಅಂದಳು. ನರಸಮ್ಮ ಊಟ ಮಾಡದೆ ಹೊರಟಿರಲ್ಲ ಅಂತ ಕೂಗಿದ್ದಕ್ಕೆ, "ಬಂದ್ಬಿಡ್ತೀನಿ ಅಮ್ಮಾ" ಅಂದಳು.

ಹೋಮಿನ ಮುಂದೆ ಆಟೋದವನು ಚಿಲ್ಲರೆಗೆ ತಕರಾರು ಶುರುಮಾಡಿದ. ಅವನ ಜೊತೆ ಜಗ್ಗಾಡಿ ತುಳಸಮ್ಮ ಒಳಗೆ ಬರುವಷ್ಟರಲ್ಲಿ ಧನುಶ್ರೀ ಬೆಂಚಿನ ಹತ್ತಿರ ಹೋಗಿ ನಿಂತಿದ್ದಳು. ಚೂಡಾಮಣಿ ಅವಳ ಮುಖವನ್ನು ಒಮ್ಮೆ ನೋಡಿದಳು, ದಾರಿಗೆ ಅಡ್ಡ ನಿಂತವರನ್ನು ನೋಡುವ ಹಾಗೆ. ಆಮೇಲೆ ಕತ್ತು ಪಕ್ಕಕ್ಕೆ ಹೊರಳಿಸಿ ಗೇಟಿನ ಕಡೆ ನೋಡಿ ತುಳಸಮ್ಮನನ್ನು ಕೇಳಿದಳು.

"ಎಲ್ಲಕ್ಕಾ, ಬರ್ಲಿಲ್ವಾ?"

ತುಳಸಮ್ಮ ಬಾಯಿ ತೆರೆದರು. ಅಷ್ಟರಲ್ಲಿ ಧನುಶ್ರೀ, "ಇಲ್ಲ, ಬರ್ಲಿಲ್ಲ" ಅಂದುಬಿಟ್ಟಳು. "ಅವ್ಳು ಕೆಲ್ಸದ್ ಮೇಲೆ ಬೇರೆ ಊರಿಗ್ ಹೋಗಿದಾಳೆ. ನಾನವ್ಳ ಫ್ರೆಂಡು. ಚೆನ್ನಾಗಿದಾಳೆ." ಹೇಳಿ ತುಳಸಮ್ಮನ ಕಡೆ ನೋಡಿದಳು. ಬೇಡ ಅನ್ನುವ ಆ ನೋಟಕ್ಕೆ ತುಳಸಮ್ಮ ತೆರೆದ ಬಾಯಿ ಮುಚ್ಚಿದರು. ಈ ಸಲದ ಮಾತು ಆ ಹುಡುಗಿಗೆ ಸೇರಿದ್ದು, ಅವರಿಗಲ್ಲ.

ಚೂಡಾಮಣಿ ಸೆರಗು ಬಾಯಿಗೆ ಅಡ್ಡ ಹಿಡಿದು ಅತ್ತಳು. ಧನುಶ್ರೀ ಅವಳು ಅತ್ತು ಮುಗಿಸುವವರೆಗೆ ನಿಂತಿದ್ದು, "ಊಟ ಮಾಡಿ ಹೋಗಿ, ದೂರದಿಂದ ಬಂದಿದೀರಿ" ಅಂತ ಊಟದ ಮನೆಗೆ ಕರೆದುಕೊಂಡು ಹೋದಳು. ತಟ್ಟೆ ಇಟ್ಟಳು, ಅನ್ನ ಬಡಿಸಿದಳು, ಹುಳಿ ಬಡಿಸಿದಳು, ಎದುರಿಗೆ ಕೂತಳು. ಹಸಿದಿದ್ದ ಚೂಡಾಮಣಿ ದೊಡ್ಡ ದೊಡ್ಡ ತುತ್ತು ಉಂಡಳು. ತುಳಸಮ್ಮ ಬಾಗಿಲಲ್ಲೇ ಉಳಿದರು.

"ಅವ್ಳು ನನ್ನ ನೆನೆಸ್ಕೊಳ್ತಾಳಾ?" ಅಂತ ಚೂಡಾಮಣಿ ಕೇಳಿದಳು.

"ನೆನೆಸ್ಕೊಳ್ತಾಳೆ."

"ಬಿಟ್ಟೋದ್ ದಿವ್ಸ ಅದೇನ್ ಅಳು ಅಂತೀಯ, ಬೀದಿ ಕೊನೇವರ್ಗೂ ಕೇಳ್ಸದು. ಅಳು ನಿಲ್ಲಿಸ್ಲಿ, ಆಮೇಲ್ ಹೋಗಣ ಅಂತ ಆ ಮೂಲೇಲಿ ನಿಂತ್ಕಂಡೆ ಕಣವ್ವಾ. ಎಷ್ಟೊತ್ ನಿಂತೆ. ನಿಲ್ಲಿಸ್ಲೇ ಇಲ್ಲ."

"ಆಮೇಲೆ?"

"ಆಮೇಲೆ ಬಸ್ಸಿಗೆ ಹೊತ್ತಾಯ್ತು."

ಧನುಶ್ರೀ ಮಜ್ಜಿಗೆ ಬಡಿಸಿದಳು. ಸ್ವಲ್ಪ ಕೆಳಗೆ ಚೆಲ್ಲಿತು. ಚೂಡಾಮಣಿ ಕೈ ತೊಳೆದುಕೊಂಡು ಬಂದು, ಚೆಲ್ಲಿದ್ದನ್ನು ಒರೆಸುತ್ತಿದ್ದ ಹುಡುಗಿಯನ್ನು ಆಗ ಮೊದಲ ಸಲ ಸರಿಯಾಗಿ ನೋಡಿದಳು. ಈಗ ಗುರುತು ಹಿಡಿದಾಳು ಅಂದುಕೊಂಡರು ತುಳಸಮ್ಮ.

"ಹೊಟ್ಟೆ ತುಂಬಾ ಇಕ್ಕಿದೆ ಕಣವ್ವಾ. ನಿನ್ನ ಹೆತ್ತೋಳು ಪುಣ್ಯವಂತೆ. ಏನ್ ಮಾಡ್ಕಂಡವ್ರೆ ನಿಮ್ಮಮ್ಮ?"

"ಇಲ್ಲ" ಅಂದಳು ಧನುಶ್ರೀ. "ತೀರ್ಕೊಂಡ್ರು."

"ಅಯ್ಯೋ ಕಂದಾ!" ಚೂಡಾಮಣಿ ಒದ್ದೆ ಕೈಗಳಿಂದಲೇ ಅವಳ ಎರಡೂ ಕೆನ್ನೆ ಹಿಡಿದು, ತಲೆ ಸವರಿ, ನೆಟಿಕೆ ಮುರಿದಳು. ಧನುಶ್ರೀ ಕಣ್ಣು ಮುಚ್ಚಿಕೊಂಡು ನಿಂತಿದ್ದಳು. ಒಂದು ಸಲ ಅವಳ ಕೈ ಮೇಲೆದ್ದು ಆ ಸೆರಗಿನ ಅಂಚನ್ನು ಮುಟ್ಟಿ ಮತ್ತೆ ಕೆಳಗಿಳಿಯಿತು. ತುಳಸಮ್ಮ ಅತ್ತ ಮುಖ ತಿರುಗಿಸಿ ಗೋಡೆಗೆ ಹಣೆ ಆನಿಸಿ ಅತ್ತರು.

ಚೂಡಾಮಣಿ ಕಣ್ಣೊರೆಸಿಕೊಂಡು ಚೀಲ ಎತ್ತಿಕೊಂಡಳು. ಬಸ್ಸಿಗೆ ಹೊತ್ತಾಗಿತ್ತು.